ಮೂರು ಬಾಗಿಲಿನ ಮೆಸ್ಸು

ಆ ಮೂರು ಬೋರ್ಡುಗಳನ್ನು ಟೈಪ್ ಮಾಡಿ, ಲ್ಯಾಮಿನೇಟ್ ಮಾಡಿ ಕೊಟ್ಟವನು ನಾನೇ. ಬೇರೆ ಯಾರ ಬಾಯಿಂದಲೋ ಇದು ಹೊರಬೀಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಕತಾರಿನಲ್ಲಿ ಅಲ್ ಖೋರ್‌ನಿಂದ ಉತ್ತರಕ್ಕೆ, ಸಮುದ್ರದ ಪಕ್ಕದಲ್ಲಿ, ಗ್ಯಾಸ್ ಪ್ಲಾಂಟ್ ಒಂದನ್ನು ಕಟ್ಟುವ ಕೆಲಸ ನಡೆದಿತ್ತು. ನಾನು ಗುತ್ತಿಗೆ ಕಂಪೆನಿಯೊಂದರ ಸೈಟ್ ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ದೊಡ್ಡದು, ಕೆಲಸ ಸಣ್ಣದು. ನಕ್ಷೆಗಳಿಗೆ ನಂಬರ್ ಹಾಕುವುದು, ಪತ್ರಗಳನ್ನು ಫೈಲಿಗೆ ಸೇರಿಸುವುದು, ಯಾರಿಗಾದರೂ ಬೋರ್ಡು ಬೇಕಾದರೆ ಅದನ್ನು ತಯಾರು ಮಾಡಿಕೊಡುವುದು. ಕ್ಯಾಂಪಿನ ಆಡಳಿತ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ಬ್ರಿಟನ್ನಿನವನು. ಒಂದು ಬೆಳಿಗ್ಗೆ ಅವನು ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟ. ಹೊಸ ಊಟದ ಕಟ್ಟಡ ಸಿದ್ಧವಾಗಿತ್ತು. ಅದಕ್ಕೆ ಎ, ಬಿ, ಸಿ ಎಂದು ಮೂರು ಬಾಗಿಲು. ಎ ಬಾಗಿಲಿನಲ್ಲಿ ಯುರೋಪ್, ಅಮೆರಿಕ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟ್ ಇದ್ದವರು. ಬಿ ಬಾಗಿಲಿನಲ್ಲಿ ಆಫೀಸಿನಲ್ಲಿ ಕೂರುವ ಇಂಡಿಯಾ, ಫಿಲಿಪ್ಪೀನ್ಸ್, ಈಜಿಪ್ಟಿನವರು. ಉಳಿದವರೆಲ್ಲ ಸಿ. ಯಾರದು ಯಾವ ಬಾಗಿಲೋ ಅವರಿಗೆ ಆ ಅಕ್ಷರದ ಕಾರ್ಡು.

ಎ ಹಾಲಿನಲ್ಲಿ ಎಸಿ, ಐಸ್ ಮೆಷಿನ್, ಮೇಜಿಗೆ ಬಟ್ಟೆ. ಬಿ ಹಾಲಿನಲ್ಲಿ ಎಸಿ ಇತ್ತು, ಐಸ್ ಇರಲಿಲ್ಲ. ಸಿ ಎಂದರೆ ಕಟ್ಟಡದ ಹಿಂಬದಿಗೆ ಎಳೆದುಕಟ್ಟಿದ ತಗಡಿನ ಚಪ್ಪರ, ನಾಲ್ಕು ಫ್ಯಾನು. ಶೌಚಾಲಯಕ್ಕೂ ಇದೇ ಲೆಕ್ಕ. ಎ ಶೌಚಾಲಯದ ಕೀಲಿಕೈ ಎ ಕಾರ್ಡಿನವರ ಬಳಿ ಮಾತ್ರ. ನಿನ್ನೆ ಮೊನ್ನೆ ಬಂದಿಳಿದ ಇಪ್ಪತ್ತೆರಡರ ಐರಿಷ್ ಟ್ರೈನಿ ಎ. ಅವನಿಗೆ ಕೆಲಸ ಕಲಿಸುತ್ತಿದ್ದ ನಮ್ಮ ಐವತ್ತು ವರ್ಷದ ಇಂಜಿನಿಯರ್ ಬಿ.

"ಇದು ಬಣ್ಣದ ವಿಷಯ ಅಲ್ಲ," ಎಂದ ಮ್ಯಾನೇಜರ್. ನಾನು ಏನನ್ನೂ ಕೇಳಿರಲಿಲ್ಲ. "ಒಬ್ಬೊಬ್ಬರದು ಒಂದೊಂದು ಊಟದ ರುಚಿ, ಅಷ್ಟೆ. ಅಕ್ಷರ ಸ್ವಲ್ಪ ದೊಡ್ಡದು ಮಾಡು."

ನಾನು ಅಕ್ಷರ ದೊಡ್ಡದು ಮಾಡಿದೆ.

ಯಾಕೆ ಮಾಡಿದೆ ಎಂದು ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ. ಇಂಥ ಬೋರ್ಡು ಏನು ಹೇಳುತ್ತದೆಂದು ಆ ಆಫೀಸಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ನನ್ನ ಊರು ಪುತ್ತೂರಿನಿಂದ ಆಚೆ. ಊರು ಎಂದೆ, ಊರಿನವರು ಅದನ್ನು ಕಾಲನಿ ಎನ್ನುತ್ತಾರೆ. ಊರಿನ ಹೋಟೆಲಿನಲ್ಲಿ ನನ್ನ ಅಪ್ಪನಿಗೆ ತೆಂಗಿನ ಗೆರಟೆಯಲ್ಲಿ ಚಹಾ ಕೊಡುತ್ತಿದ್ದರು. ನನ್ನ ಕಾಲಕ್ಕೆ ಸುಧಾರಣೆಯಾಗಿ ಗ್ಲಾಸು ಬಂತು. ಆ ಗ್ಲಾಸು ಒಳಗಿರುತ್ತಿರಲಿಲ್ಲ, ಹೊರಗಿನ ಕಟ್ಟೆಯ ಮೂಲೆಯಲ್ಲಿರುತ್ತಿತ್ತು. ನಾವೇ ತೆಗೆದುಕೊಳ್ಳಬೇಕು, ಕುಡಿಯಬೇಕು, ತೊಳೆದು ಕವುಚಿಡಬೇಕು. ಹೋಟೆಲಿಗೆ ಬೋರ್ಡಿರಲಿಲ್ಲ. ಬೋರ್ಡು ಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಬಿ.ಕಾಂ. ಮುಗಿಸಿ, ಕಂಪ್ಯೂಟರ್ ಕಲಿತು, ವೀಸಾ ಸಿಕ್ಕಿ ವಿಮಾನ ಹತ್ತಿದಾಗ ನನಗಿದ್ದದ್ದು ಒಂದೇ ಸಮಾಧಾನ. ಇನ್ನು ನನ್ನನ್ನು ಯಾರೂ ನೀನು ಯಾರ ಪೈಕಿ ಎಂದು ಕೇಳುವುದಿಲ್ಲ.

ಕೇಳಿದರು. ಆಫೀಸು ಸೇರಿದ ಮೊದಲ ವಾರವೇ, ಪ್ಲಾನಿಂಗ್ ವಿಭಾಗದಲ್ಲಿದ್ದ ಆ ಐವತ್ತರ ಇಂಜಿನಿಯರ್, ನಮ್ಮ ಕಡೆಯವರೇ, ಕನ್ನಡ ಕೇಳಿದ ಖುಷಿಯಲ್ಲಿ ಬಂದು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು.

"ಪುತ್ತೂರಾ? ಓ, ನಮ್ಮದು ಅಲ್ಲಿಂದ ಹತ್ರವೇ. ಪುತ್ತೂರಲ್ಲಿ ಯಾವ ಕಡೆ? ಮನೆ ಹೆಸರೆಂತ?"

"ಪೇಟೆಯಲ್ಲೇ ಸಾರ್. ಬಾಡಿಗೆ ಮನೆ," ಎಂದೆ. ಸುಳ್ಳು. ಅವರು ಮತ್ತೆರಡು ಸಲ ಸುತ್ತಿ ಬಳಸಿ ಕೇಳಿ, ಉತ್ತರ ಸಿಗದೆ ಬಿಟ್ಟರು. ಕೆಟ್ಟವರಲ್ಲ. ಜ್ವರ ಬಂದಾಗ ಮಾತ್ರೆ ತಂದುಕೊಟ್ಟವರು. ಇದನ್ನು ಈಗಲೇ ಹೇಳಬೇಕು, ಮುಂದೆ ಅವರ ಬಗ್ಗೆ ಒಳ್ಳೆಯದು ಹೇಳಲು ನನಗೆ ಹೆಚ್ಚು ಅವಕಾಶ ಸಿಗುವುದಿಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ. ಸಮುದ್ರದಿಂದ ಬರುವ ತೇವ ಸೇರಿಕೊಂಡು ಬಿಸಿಲು ಮೈಗೆ ಒದ್ದೆ ಕಂಬಳಿ ಸುತ್ತಿದಂತೆ ಅಂಟುವ ದಿನ. ನಾನು ನಕ್ಷೆಯ ಸುರುಳಿ ಹಿಡಿದು ಸೈಟಿನಿಂದ ಬರುತ್ತಿದ್ದೆ. ಎದುರಿಗೆ ಸ್ಕಫೋಲ್ಡಿಂಗ್, ಅಂದರೆ ಕಟ್ಟಡದ ಅಟ್ಟಣಿಗೆ, ಕಟ್ಟುವ ಇಬ್ಬರು ನೇಪಾಳಿಗಳು ಊಟಕ್ಕೆಂದು ನಡೆಯುತ್ತಿದ್ದರು. ಅವರಲ್ಲಿ ದೊಡ್ಡವನು ನನಗೆ ಪರಿಚಯದವನು, ನಲವತ್ತು ದಾಟಿದವನು. ರಜೆಯ ಅರ್ಜಿ ತುಂಬಿಸಲು ನನ್ನ ಕಿಟಕಿಗೆ ಬರುತ್ತಿದ್ದ. ಸಿ ಚಪ್ಪರಕ್ಕೆ ಹೋಗಲು ಎ ಬಾಗಿಲನ್ನು ದಾಟಿ ಕಟ್ಟಡವನ್ನು ಪೂರ್ತಿ ಸುತ್ತಬೇಕಿತ್ತು. ಎ ಬಾಗಿಲಿನ ಮೆಟ್ಟಿಲ ಮುಂದೆ ಅವನ ಕಾಲು ತಡವರಿಸಿತು. ಹೆಲ್ಮೆಟ್ ತೆಗೆಯಲು ಕೈ ಎತ್ತಿದ, ಹಾಗೆಯೇ ಕುಸಿದ.

ಓಡಿಹೋಗಿ ಹಿಡಿದೆ. ಮೈ ಕೆಂಡದಂತಿತ್ತು, ಬೆವರು ಒಂದು ಹನಿಯೂ ಇರಲಿಲ್ಲ. ಬೆವರು ನಿಂತರೆ ಅಪಾಯ ಎಂದು ಸೇಫ್ಟಿ ತರಗತಿಯಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದರು. ನಾನೂ ಅವನ ಜೊತೆಗಾರನೂ ಅವನನ್ನು ಎತ್ತಿ ಮೆಟ್ಟಿಲು ಹತ್ತಿದೆವು. ಆರು ಹೆಜ್ಜೆಯಾಚೆ ತಣ್ಣನೆಯ ಕೋಣೆ.

ಬಾಗಿಲಲ್ಲಿ ನಿಂತಿದ್ದ ಗಾರ್ಡ್ ಕೂಡ ನೇಪಾಳಿಯೇ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಅಡ್ಡ ನಿಂತ.

"ಸರ್, ಆರ್ಡರ್ ನಹೀ ಹೈ."

"ಸಾಯ್ತಾನೆ ಮಾರಾಯ! ತೆಗಿ!" ನಾನು ಯಾವ ಭಾಷೆಯಲ್ಲಿ ಕೂಗಿದೆನೋ ನನಗೇ ತಿಳಿಯದು. ಮತ್ತೆ ಹಿಂದಿಯಲ್ಲಿ ಕೂಗಿದೆ. ಗಾರ್ಡಿನ ಕೈ ಹಿಡಿಯ ಮೇಲಿಂದ ಕದಲಲಿಲ್ಲ. ತನ್ನ ದೇಶದವನ ಮುಖವನ್ನು ನೋಡದೆ ನನ್ನ ತಲೆಯ ಮೇಲಿಂದ ಎಲ್ಲೋ ನೋಡುತ್ತಿದ್ದ. ಗಾಜಿನ ಆಚೆ ಜನ ಊಟ ಮಾಡುತ್ತಿದ್ದರು. ಒಬ್ಬ ಐಸ್‌ಕ್ರೀಮಿನ ಚಮಚವನ್ನು ಬಾಯಲ್ಲಿಟ್ಟುಕೊಂಡೇ ನಮ್ಮನ್ನು ನೋಡಿದ, ಆಮೇಲೆ ತಟ್ಟೆ ನೋಡಿದ.

ಒಳಗಿದ್ದವರಲ್ಲಿ ಒಬ್ಬ ಮಾತ್ರ ಎದ್ದ. ಐಸ್ ಮೆಷಿನ್ನಿನ ಕೆಳಗಿದ್ದ ಬಕೆಟನ್ನೇ ಎತ್ತಿಕೊಂಡು ಬಂದು, ಭುಜದಿಂದ ಬಾಗಿಲು ತಳ್ಳಿ, ಐಸನ್ನು ಬಿದ್ದವನ ಎದೆಯ ಮೇಲೆ ಸುರಿದ. ಅವನ ಬಾಯಿಂದ ಬಂದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. "ಹಿಡಿ ಕಾಲು!" ಎಂದು ನನಗೇ ಗದರಿದ. ಮೂವರೂ ಸೇರಿ ಒಳಗೆ ಒಯ್ದು ನೆಲದ ಮೇಲೆ ಮಲಗಿಸಿದೆವು. ಅವನು ವೆಲ್ಡಿಂಗ್ ಇನ್ಸ್‌ಪೆಕ್ಟರ್, ದಕ್ಷಿಣ ಆಫ್ರಿಕಾದವನು. ಮೈಬಣ್ಣ ಹೆಚ್ಚುಕಡಿಮೆ ನನ್ನದೇ.

ಆಂಬುಲೆನ್ಸ್ ಬಂತು. ಬಿದ್ದವನು ಬದುಕಿದ, ಆದರೆ ಕಿಡ್ನಿಗಳು ಅರ್ಧ ಸತ್ತಿದ್ದವು. ಮರುದಿನ ಮ್ಯಾನೇಜರ್ ಘಟನೆಯ ವರದಿಯನ್ನು ನನ್ನಿಂದ ಬರೆಸಿದ. ನಡೆದ ಜಾಗ ಎಂಬ ಅಂಕಣದಲ್ಲಿ ಎ ಬಾಗಿಲಿನ ಮುಂದೆ ಎಂದು ಬರೆದೆ. ಅವನು ಅದನ್ನು ಕೆಂಪು ಪೆನ್ನಿನಿಂದ ಹೊಡೆದು, ಸಿ ಮೆಸ್ಸಿನ ಹತ್ತಿರ ಎಂದು ತಿದ್ದಿದ. ಬಾಗಿಲಲ್ಲಿ ತಡೆದ ವಿಷಯದ ಮೇಲೂ ಉದ್ದಕ್ಕೆ ಗೆರೆ ಎಳೆದ.

"ಇದನ್ನು ನಾನು ಟೈಪ್ ಮಾಡೋದಿಲ್ಲ," ಎಂದೆ. ಹೇಳಿದ ಮೇಲೆ ನನ್ನ ಧ್ವನಿ ಕೇಳಿ ನನಗೇ ಗಾಬರಿಯಾಯಿತು. ಅವನು ಹಾಳೆ ಎತ್ತಿಕೊಂಡು ಪಕ್ಕದ ಮೇಜಿಗೆ ಹೋದ. ಪಕ್ಕದ ಮೇಜಿನವನು ಟೈಪ್ ಮಾಡಿಕೊಟ್ಟ. ಅವನನ್ನು ದೂರಲಾರೆ. ಎರಡು ತಿಂಗಳ ಹಿಂದೆ ಬೋರ್ಡಿನ ಅಕ್ಷರ ದೊಡ್ಡದು ಮಾಡಿದವನು ನಾನು.

ಆ ಸಂಜೆ ಬಸ್ಸಿಗೆ ಕಾಯುವಾಗ ಇನ್ಸ್‌ಪೆಕ್ಟರ್ ಸಿಗರೇಟು ಸೇದುತ್ತ ನಿಂತಿದ್ದ. ನಾನು ಕೃತಜ್ಞತೆ ಹೇಳಲು ಹೋದೆ. ಅವನಿಗೆ ಅದು ಹಿಡಿಸಲಿಲ್ಲ.

"ಥ್ಯಾಂಕ್ಸ್ ಯಾತಕ್ಕೆ? ನನ್ನ ದೇಶದಲ್ಲಿ ನನ್ನ ಜನನಪತ್ರದ ಮೇಲೆ ಕಲರ್ಡ್, ಅಂದರೆ ಮಿಶ್ರ ಬಣ್ಣದವನು, ಎಂದು ಬರೆದಿದ್ದರು. ಬೀಚು ಬೇರೆ, ಬಸ್ಸು ಬೇರೆ, ಬೆಂಚು ಬೇರೆ. ಅದನ್ನು ಮುರಿಯಲು ನನ್ನ ಅಣ್ಣ ಜೈಲಿಗೆ ಹೋದ. ಮುರಿದೆವು ಕೂಡ. ಈಗ ಅದೇ ದೇಶದ ಪಾಸ್‌ಪೋರ್ಟ್ ತೋರಿಸಿದರೆ ಇಲ್ಲಿ ನನಗೆ ಎ ಕಾರ್ಡು ಕೊಡುತ್ತಾರೆ. ಎರಡು ತಿಂಗಳು ಅಲ್ಲಿ ಕೂತು ತಿಂದೆ. ಬಾಯಿ ಮುಚ್ಚಿಕೊಂಡು ತಿಂದೆ. ಬೈಯುವುದಿದ್ದರೆ ನನ್ನನ್ನು ಬೈ."

"ಬೋರ್ಡು ಟೈಪ್ ಮಾಡಿದವನು ನಾನು," ಎಂದೆ.

ಅವನು ನನ್ನನ್ನು ಒಂದು ಕ್ಷಣ ನೋಡಿ ಸಿಗರೇಟನ್ನು ಬೂಟಿನಲ್ಲಿ ಹೊಸಕಿದ. "ಹಾಗಾದರೆ ನಾಳೆ ಊಟದ ಡಬ್ಬಿ ತೆಗೆದುಕೊಂಡು ಎ ಮೆಟ್ಟಿಲ ಹತ್ತಿರ ಬಾ."

ಕತಾರಿನಲ್ಲಿ ಮುಷ್ಕರ ಮಾಡುವಂತಿಲ್ಲ. ನಮ್ಮ ಪಾಸ್‌ಪೋರ್ಟುಗಳು ಕಂಪೆನಿಯ ಕಪಾಟಿನಲ್ಲಿದ್ದವು. ದೇಶ ಬಿಡಲೂ ಅವರದೇ ಎಕ್ಸಿಟ್ ಪರ್ಮಿಟ್ ಬೇಕು, ಬೇರೆ ಕಡೆ ಕೆಲಸಕ್ಕೆ ಸೇರಲೂ ಅವರದೇ ಕಾಗದ. ಆದರೆ ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಊಟ ಮಾಡಬಾರದೆಂದು ಯಾವ ಕಾಗದದಲ್ಲೂ ಇರಲಿಲ್ಲ. ಕಾಗದಗಳನ್ನು ನೋಡಿಕೊಳ್ಳುವವನಾಗಿ ಅದು ನನಗೆ ಖಚಿತವಾಗಿ ಗೊತ್ತಿತ್ತು.

ಮೊದಲ ದಿನ ನಾವು ನಾಲ್ವರು. ಇನ್ಸ್‌ಪೆಕ್ಟರ್, ನಾನು, ಬಿದ್ದವನ ಜೊತೆಗಾರ, ಅವನ ತಂಡದ ಇನ್ನೊಬ್ಬ. ರಟ್ಟು ಹಾಸಿಕೊಂಡು ಕೂತೆವು. ರಟ್ಟಿನ ಮೂಲಕವೂ ಕಲ್ಲು ಸುಡುತ್ತಿತ್ತು. ಒಳಗೆ ಹೋಗುವವರು ನಮ್ಮನ್ನು ದಾಟಿಯೇ ಹೋಗಬೇಕು. ಯಾರೊಂದಿಗೂ ಮಾತಾಡಲಿಲ್ಲ, ಯಾರನ್ನೂ ತಡೆಯಲಿಲ್ಲ. ಅರ್ಧ ಗಂಟೆ ಕೂತು, ತಿಂದು, ಕೆಲಸಕ್ಕೆ ಮರಳಿದೆವು. ಎರಡನೆಯ ದಿನ ಒಂಬತ್ತು ಜನ. ವಾರ ಮುಗಿಯುವಾಗ ಮೆಟ್ಟಿಲು ಸಾಲದೆ ಅಂಗಳದಲ್ಲೂ ಕೂರುತ್ತಿದ್ದೆವು. ಕಬ್ಬಿಣದ ಸರಳು ಬಗ್ಗಿಸುವ ಬಿಹಾರದ ಬಾರ್ ಬೆಂಡರ್‌ಗಳು, ಶ್ರೀಲಂಕಾದ ಪೈಂಟರ್‌ಗಳು, ಕೇರಳದ ಇಬ್ಬರು ಸ್ಟೋರ್‌ಕೀಪರ್‌ಗಳು. ಗಾರ್ಡ್ ಬಾಗಿಲಲ್ಲೇ ನಿಂತಿರುತ್ತಿದ್ದ. ಒಂದು ದಿನ ಯಾರಿಗೂ ಕಾಣದ ಹಾಗೆ ಒಂದು ನೀರಿನ ಬಾಟಲಿಯನ್ನು ಕಾಲಿನಿಂದ ನಮ್ಮತ್ತ ಉರುಳಿಸಿದ.

ನಮ್ಮೂರ ಕಡೆಯ ಇಂಜಿನಿಯರ್ ಬಂದದ್ದು ಎರಡನೆಯ ವಾರ. ಎ ಹಾಲಿನಿಂದ ಬಾಟಲಿಗೆ ಐಸ್ ತರಲು ಹೋಗಿದ್ದರಂತೆ. ಅವರಿಂದಲೇ ಕೆಲಸ ಕಲಿಯುತ್ತಿದ್ದ ಆ ಟ್ರೈನಿ ಹುಡುಗ ಎಲ್ಲರೆದುರು, "ಇದು ನಿಮ್ಮ ಹಾಲ್ ಅಲ್ಲ," ಎಂದನಂತೆ. ಮುಖ ಕೆಂಪಗಾಗಿ ಬಂದು ನನ್ನ ಪಕ್ಕದಲ್ಲಿ ಧಪ್ಪನೆ ಕೂತರು.

"ಎಂತ ಅವಸ್ಥೆ ಮಾರಾಯ ಇದು! ಇಪ್ಪತ್ತೈದು ವರ್ಷ ಸರ್ವಿಸ್ ನನ್ನದು. ನನ್ನನ್ನು ಬಾಗಿಲಲ್ಲಿ ನಿಲ್ಲಿಸೋದಾ? ನಾವೇನು ಮನುಷ್ಯರಲ್ವಾ?"

ನಿಜಕ್ಕೂ ಅವರ ಕಣ್ಣಲ್ಲಿ ನೀರಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ಬಾಗಿಲಲ್ಲಿ ನಿಂತವರ ನೀರು. ನನಗೆ ಮರುಕವೂ ಬಂತು, ಒಳಗೊಳಗೇ ಕುದಿಯಿತು ಕೂಡ. ಉಪ್ಪಿನಕಾಯಿ ಮುಂದಕ್ಕೆ ತಳ್ಳಿದೆ. ಅವರ ಹಿಂದೆ ಬಿ ಕಾರ್ಡಿನವರು ಇಪ್ಪತ್ತು ಮಂದಿ ಬಂದರು. ಟೈ ಕಟ್ಟಿದವರು ಬಿಸಿಲಲ್ಲಿ ಕೂತದ್ದು ಮ್ಯಾನೇಜರನ ಕಣ್ಣಿಗೆ ಚುಚ್ಚಿತು. ಅಷ್ಟು ದಿನ ನೂರು ಕೂಲಿಯವರು ಕೂತಾಗ ಅವನಿಗೆ ನಾವು ಕಂಡೇ ಇರಲಿಲ್ಲ.

ಮೂರೇ ದಿನದಲ್ಲಿ ಒಂದು ಕೊಡುಗೆ ಬಂತು. ಬಿ ಕಾರ್ಡಿನವರು ಇನ್ನು ಮುಂದೆ ಎ ಹಾಲಿಗೆ ಬರಬಹುದು. ಮೆಟ್ಟಿಲು ಖಾಲಿ ಮಾಡಬೇಕು. ಸಿ ಚಪ್ಪರಕ್ಕೆ ಇನ್ನೆರಡು ಫ್ಯಾನು.

ಇಂಜಿನಿಯರ್ ಓಡೋಡುತ್ತ ಬಂದು ನನ್ನ ಕೈ ಹಿಡಿದು ಕುಲುಕಿದರು. "ಗೆದ್ದೆವು ಮಾರಾಯ! ನಾಳೆಯಿಂದ ಒಳಗೆ."

"ಸ್ಕಫೋಲ್ಡಿಂಗಿನವರು?"

"ಅವರಿಗೆ ಫ್ಯಾನು ಕೊಡ್ತಾರಲ್ಲ. ನೋಡು, ಅವರಿಗೂ ಒಳಗೆ ಬರಬೇಕು ಅಂತ ಇಲ್ಲ. ಬೂಟಿನಲ್ಲಿ ಸಿಮೆಂಟು, ಮೈಯೆಲ್ಲ ವಾಸನೆ. ಅವರಿಗೇ ಸಂಕೋಚ ಆಗ್ತದೆ."

"ಸಾರ್, ಬಿದ್ದವನು ಅವರಲ್ಲಿ ಒಬ್ಬ."

"ಖಲ್ಲಿವಲ್ಲಿ ಮಾರಾಯ," ಎಂದರು. ಬಿಟ್ಟುಹಾಕು ಎನ್ನಲು ಅಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು ಅದು. "ಒಂದೊಂದೇ ಮೆಟ್ಟಿಲು ಹತ್ತಬೇಕು. ಎಲ್ಲ ಒಟ್ಟಿಗೆ ಆಗ್ತದಾ?"

ಆಗ ನನ್ನ ಬಾಯಿಂದ ಅದು ಬಂದುಬಿಟ್ಟಿತು. ವರ್ಷಗಟ್ಟಲೆ ಮುಚ್ಚಿಟ್ಟದ್ದು. ಕಾಲನಿಯ ಹೆಸರು ಹೇಳಿದೆ. ಹೋಟೆಲಿನ ಹೆಸರು ಹೇಳಿದೆ. ಅಪ್ಪನ ಗೆರಟೆ, ಕಟ್ಟೆಯ ಮೇಲಿನ ಗ್ಲಾಸು, ಎಲ್ಲ ಹೇಳಿದೆ. "ಆಗಲೂ ನಮ್ಮ ಬಗ್ಗೆ ಹೀಗೇ ಹೇಳ್ತಿದ್ದರು ಸಾರ್. ಅವರಿಗೇ ಒಳಗೆ ಬರಲು ಸಂಕೋಚ ಅಂತ."

ಅವರ ಕೈ ನನ್ನ ಕೈಯಿಂದ ಮೆಲ್ಲಗೆ ಜಾರಿತು. ಆ ಜಾರಿಕೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಬಹುಶಃ ಅವರಿಗೇ ಗೊತ್ತಾಗಿರಲಿಕ್ಕಿಲ್ಲ.

"ಅದು ಬೇರೆ, ಇದು ಬೇರೆ," ಎಂದರು. "ಅದೆಲ್ಲ ಹಿಂದಿನ ಕಾಲದ್ದು."

"ಗ್ಲಾಸು ತೊಳೆದು ಇಟ್ಟವನು ನಾನೇ. ನನಗೆ ಈಗ ಮೂವತ್ತಾರು."

ಮರುದಿನ ಬಿ ಕಾರ್ಡಿನವರು ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಒಳಗೆ ಹೋದರು. ಕೆಲವರು ಫೋನ್ ನೋಡುತ್ತ ಹೋದರು, ಕೆಲವರು ಕಾಲು ತಾಗದಂತೆ ಪ್ಯಾಂಟು ಎತ್ತಿಕೊಂಡು ಹೋದರು. ಅವರಲ್ಲಿ ಅರ್ಧ ಮಂದಿ ಹಿಂದಿನ ದಿನ ನಮ್ಮ ಡಬ್ಬಿಯಿಂದ ತಿಂದವರು. ಮೆಟ್ಟಿಲ ಮೇಲೆ ಉಳಿದ ಬಿ ಕಾರ್ಡಿನವರು ನಾನು ಮತ್ತು ಆ ಇಬ್ಬರು ಸ್ಟೋರ್‌ಕೀಪರ್‌ಗಳು. ಐರಿಷ್ ಟ್ರೈನಿ ಅವಮಾನ ಮಾಡಿದಾಗ ನನಗೆ ಬಾರದಿದ್ದ ಸಿಟ್ಟು ಆ ದಿನ ಬಂತು. ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ. ಇನ್ಸ್‌ಪೆಕ್ಟರ್ ಮಾತ್ರ ಆರಾಮವಾಗಿ ಕೋಳಿ ಕಾಲು ಜಗಿಯುತ್ತಿದ್ದ.

"ನಮ್ಮಲ್ಲೂ ಹೀಗೇ ಮಾಡಿದರು," ಎಂದ. "ನಮಗೊಂದು ಬೇರೆ ಪಾರ್ಲಿಮೆಂಟ್ ಕೊಟ್ಟರು. ಕರಿಯರಿಗಿಲ್ಲ, ನಿಮಗುಂಟು ಎಂದರು. ನಮ್ಮ ಚಿಕ್ಕಪ್ಪ ಓಡಿಹೋಗಿ ವೋಟು ಹಾಕಿದ. ಅಪ್ಪ ಅವನ ಜೊತೆ ಹತ್ತು ವರ್ಷ ಮಾತಾಡಲಿಲ್ಲ. ತಿನ್ನು. ಹಸಿದುಕೊಂಡು ಸಿಟ್ಟು ಮಾಡಬೇಡ."

ಆಮೇಲೆ ಏಟು ಬೀಳತೊಡಗಿತು. ಬಿದ್ದವನ ಜೊತೆಗಾರನನ್ನು ರಾತ್ರೋರಾತ್ರಿ ದೂರದ ಸೈಟಿಗೆ ಸಾಗಿಸಿದರು. ಬಾರ್ ಬೆಂಡರ್‌ಗಳ ತಂಡದಲ್ಲಿ ಮುಂದಾಳು ಅನ್ನಿಸಿದ ಇಬ್ಬರನ್ನು ಊರಿಗೆ ಕಳಿಸಿದರು. ನನ್ನನ್ನು ಮ್ಯಾನೇಜರ್ ಕರೆದು, ಕುರ್ಚಿ ತೋರಿಸದೆ ಕೇಳಿದ.

"ನಿನಗೆ ಒಳಗೆ ಜಾಗ ಕೊಟ್ಟಿದ್ದೇವೆ. ಇನ್ನೇನು ಬೇಕು?"

"ಬೋರ್ಡು ತೆಗೆಯಬೇಕು."

"ನಿನ್ನ ಕಾಂಟ್ರಾಕ್ಟು ಡಿಸೆಂಬರಿಗೆ ಮುಗಿಯುತ್ತದೆ, ಗೊತ್ತಿದೆಯಲ್ಲ?"

ಗೊತ್ತಿತ್ತು. ಆ ಫೈಲನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಹೆಂಡತಿಗೆ ವಿಷಯ ಹೇಳಿದೆ. ಮಗಳ ಶಾಲೆ, ಅಮ್ಮನ ಔಷಧ ಎಂದು ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು, "ಮೆಟ್ಟಿಲ ಮೇಲೆ ಕೂರುವಾಗ ತಲೆಗೆ ಒದ್ದೆ ಬಟ್ಟೆ ಹಾಕಿ," ಎಂದಳು. ಅಷ್ಟೆ.

ಬಾಗಿಲು ತೆರೆದದ್ದು ನಮ್ಮ ಮೇಲಿನ ಮರುಕದಿಂದ ಅಲ್ಲ. ಸೆಪ್ಟೆಂಬರಿನಲ್ಲಿ ಪ್ಲಾಂಟಿನ ಮಾಲೀಕರ ಕಡೆಯಿಂದ ಸುರಕ್ಷತೆಯ ತಪಾಸಣೆಗೆ ಒಂದು ತಂಡ ಬಂತು. ಅವರ ಬಸ್ಸು ಎ ಬಾಗಿಲಿಗೆ ಬಂದು ನಿಂತಾಗ ಎಂಬತ್ತು ಜನ ಬಿಸಿಲಲ್ಲಿ ಕೂತು ಉಣ್ಣುತ್ತಿದ್ದರು. ಗಾಜಿನ ಆಚೆ ಅರ್ಧ ಹಾಲ್ ಖಾಲಿ. ತಂಡದಲ್ಲಿದ್ದ ಒಬ್ಬ ಕತಾರಿ ಅಧಿಕಾರಿ ಮ್ಯಾನೇಜರನ್ನು ಕೇಳಿದ, "ಇವರು ಯಾಕೆ ಹೊರಗೆ ಕೂತಿದ್ದಾರೆ?" ಮ್ಯಾನೇಜರ್, "ಅವರಿಗೆ ಹೊರಗೇ ಇಷ್ಟ," ಎಂದ.

ಆಗ ಗಾರ್ಡ್ ಬಾಯಿಬಿಟ್ಟ. ಯಾರೂ ಅವನನ್ನು ಕೇಳಿರಲಿಲ್ಲ. "ನೋ ಸರ್. ಆರ್ಡರ್ ಸರ್. ನಾನು ಬಾಗಿಲು ತೆಗೆಯಬಾರದು ಸರ್. ಒಬ್ಬ ಇಲ್ಲಿ ಬಿದ್ದ, ಆಗಲೂ ತೆಗೆಯಲಿಲ್ಲ." ಮುರುಕು ಇಂಗ್ಲಿಷಿನಲ್ಲಿ ಇಷ್ಟು ಹೇಳಿ, ಬಿದ್ದ ಜಾಗವನ್ನು ಬೆರಳಿನಿಂದ ತೋರಿಸಿದ. ಕತಾರಿ ಅಧಿಕಾರಿ ಫೋಟೊ ತೆಗೆಸಿದ, ಒಳಗೆ ಊಟಕ್ಕೆ ಹೋಗದೆ ಬಸ್ಸು ಹತ್ತಿದ.

ಮರುದಿನ ಬೋರ್ಡು ತೆಗೆಯಲು ಆದೇಶ ಬಂತು. ಪತ್ರದಲ್ಲಿ ತಪ್ಪಾಯಿತೆಂಬ ಒಂದು ಪದವಿರಲಿಲ್ಲ. ಬೇಸಿಗೆಯ ಶಾಖವನ್ನು ಗಮನದಲ್ಲಿಟ್ಟು ಎಲ್ಲರಿಗೂ ಒಂದೇ ಊಟದ ಹಾಲ್ ಎಂದಿತ್ತು. ನಮ್ಮನ್ನು ಪ್ರತ್ಯೇಕಿಸಿದ್ದು ಸೂರ್ಯನೇ ಏನೋ ಎಂಬಂತೆ. ನಾನೇ ಸ್ಕ್ರೂಡ್ರೈವರ್ ಹಿಡಿದು ಹೋಗಿ ಮೂರೂ ಬೋರ್ಡು ಕಿತ್ತೆ.

ಮೊದಲ ದಿನ ಬಾಗಿಲು ತೆರೆದಿಟ್ಟರೂ ಜನ ಒಳಗೆ ಬರಲಿಲ್ಲ. ತಿಂಗಳಾನುಗಟ್ಟಲೆ ಬಿಸಿಲಲ್ಲಿ ಕೂತವರು ಹೊಸ್ತಿಲಲ್ಲಿ ನಿಂತು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಇನ್ಸ್‌ಪೆಕ್ಟರ್ ಒಬ್ಬೊಬ್ಬರ ಭುಜ ಹಿಡಿದು, "ಯಲ್ಲಾ, ಯಲ್ಲಾ," ಎಂದು ತಳ್ಳಿದ. ಬಿಳಿಯರಲ್ಲಿ ಹೆಚ್ಚಿನವರು ಆ ದಿನದಿಂದ ತಟ್ಟೆಗಳನ್ನು ತಮ್ಮ ಆಫೀಸಿಗೆ ತರಿಸಿಕೊಂಡರು. ಇಂಜಿನಿಯರ್ ಮೂಲೆಯ ಮೇಜಿನಲ್ಲಿದ್ದರು. ಪೈಂಟರ್‌ಗಳು ಎದುರು ಕೂತಾಗ ತಟ್ಟೆ ಎತ್ತಿಕೊಂಡು ಇನ್ನೊಂದು ಮೇಜಿಗೆ ಹೋದರು.

ಬಿದ್ದವನು ಅಷ್ಟರಲ್ಲಿ ಊರು ಸೇರಿದ್ದ. ಕೆಲಸಕ್ಕೆ ಅನರ್ಹ ಎಂದು ಬರೆದು ಕಳಿಸಿದ್ದರು. ಬಾಗಿಲು ತೆರೆಯಿತು ಎಂದು ಹೇಳಲು ಫೋನ್ ಮಾಡಿದೆ. ವಾರಕ್ಕೆ ಎರಡು ಸಲ ಕಿಡ್ನಿಗೆಂದು ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಬೇಕು, ಹೋಗಿಬರಲು ಪೂರ್ತಿ ಒಂದು ದಿನ ಹಿಡಿಯುತ್ತದೆ ಎಂದ. "ಅಚ್ಛಾ ಹುವಾ ಭಾಯ್," ಒಳ್ಳೆಯದಾಯಿತು ಎಂದ ಬಾಗಿಲಿನ ಬಗ್ಗೆ.

ಡಿಸೆಂಬರಿಗೆ ನನ್ನ ಕಾಂಟ್ರಾಕ್ಟು ಖಲಾಸ್. ಇನ್ಸ್‌ಪೆಕ್ಟರ್ ಅದಕ್ಕೂ ಮೊದಲೇ ಮ್ಯಾನೇಜರನ ಜೊತೆ ಜಗಳವಾಡಿ ಹೊರಟುಹೋಗಿದ್ದ. ನಾನು ಊರಿಗೆ ಹೊರಡುವ ಮೊದಲಿನ ಶುಕ್ರವಾರ ದೋಹಾಕ್ಕೆ ಬಂದು, ಬಿನ್ ಒಮ್ರಾನ್ ಬಡಾವಣೆಯಲ್ಲಿದ್ದ ಗೆಳೆಯನ ಮನೆಗೆ ಹೋದೆ. ಕೆಳಗಿನ ಚಹಾದ ಅಂಗಡಿಯಲ್ಲಿ ನಮ್ಮ ಊರಿನ ಏಳೆಂಟು ಜನ ಸೇರಿದ್ದರು. ನಡುವೆ ಇಂಜಿನಿಯರ್.

"ಬಾ ಮಾರಾಯ, ಬಾ!" ಎಂದು ಕರೆದು, ಉಳಿದವರತ್ತ ತಿರುಗಿದರು. "ಇವರೂ ನಮ್ಮ ಜೊತೆ ಇದ್ದರು. ಆ ಮೆಸ್ಸಿನ ವಿಷಯ ಹೇಳಿದೆನಲ್ಲ, ಎಂತ ಹೋರಾಟ ಮಾಡಿದೆವು ನಾವು! ಬಿಸಿಲಲ್ಲಿ ಕೂತು ಆ ಬೋರ್ಡು ಕೀಳಿಸಿದೆವು."

ಎಲ್ಲರೂ ಮೆಚ್ಚುಗೆಯಿಂದ ನೋಡಿದರು. ನನಗೆ ಕೂರಲು ಜಾಗ ಮಾಡಿದರು.

"ನೀವು ಮೂರು ದಿನ ಕೂತಿರಿ ಸಾರ್," ಎಂದೆ. "ನಾಲ್ಕನೆಯ ದಿನ ನಮ್ಮನ್ನು ದಾಟಿ ಒಳಗೆ ಹೋದಿರಿ. ಆಮೇಲೆ ಬೋರ್ಡು ಕಿತ್ತಾಗ ಪೈಂಟರ್‌ಗಳ ಎದುರಿನಿಂದ ತಟ್ಟೆ ಎತ್ತಿಕೊಂಡು ಎದ್ದಿರಿ. ಕತೆ ಹೇಳುವುದಾದರೆ ಅದನ್ನೂ ಹೇಳಿ."

ಯಾರೋ ಕೆಮ್ಮಿದರು. ಇಂಜಿನಿಯರ್ ನಗಲು ನೋಡಿದರು, ಆಗಲಿಲ್ಲ. "ನಿನಗೆ ಯಾವಾಗಲೂ ಸಿಟ್ಟೇ," ಎಂದರು.

"ಹೌದು," ಎಂದೆ. ತಂದಿಟ್ಟ ಚಹಾವನ್ನು ನಿಂತೇ ಪೂರ್ತಿ ಕುಡಿದು, ಗೆಳೆಯನ ಮನೆಯ ಮೆಟ್ಟಿಲು ಹತ್ತಿದೆ.